ಕಂಚಿನಕೋಟೆಯ ತೂಗುದೀಪ

ಬಹಳ ಬಹಳ ಹಿಂದೆ, ದಾರಿ ಸುಲಭವಾಗಿ ಸಿಗದ ಕಂಚಿನಕೋಟೆ ಎಂಬ ರಾಜ್ಯವಿತ್ತು. ಅಲ್ಲಿನ ಅರಮನೆಗಿಂತ ಅಲ್ಲಿನ ಕುಲುಮೆಯೇ ದೊಡ್ಡದು. ಕುಲುಮೆಯ ನಡುವೆ ಸರಪಳಿಯಲ್ಲಿ ಒಂದು ದೀಪ ತೂಗುತ್ತಿತ್ತು. ಅದಕ್ಕೆ ಬೋರಲು ಹಾಕಿದ ಕೊಪ್ಪರಿಗೆಯಂಥ ಕಂಚಿನ ಕೊಡೆ. ಕೆಲಸಕ್ಕೆ ಸೇರಿದವನು ಮೊದಲ ದಿನ ಹೆಬ್ಬೆರಳಿಗೆ ಮಸಿ ಹಚ್ಚಿಕೊಂಡು ಆ ಕೊಡೆಯ ಒಳಮೈಗೆ ಒತ್ತಬೇಕು. ಒತ್ತಿದವನು ಸತ್ತ ಮೇಲೂ ಅವನ ದನಿ ದೀಪದಲ್ಲಿ ಉಳಿಯುತ್ತಿತ್ತು. ಯಾರ ಸುತ್ತಿಗೆಯಾದರೂ ಜಾರಿದರೆ ಮೇಲಿನಿಂದ, “ಕೈ ಜೋಪಾನ, ಮಗಾ” ಎಂದು ಕೇಳಿಸುತ್ತಿತ್ತು.

ಹಾಗೆ ಹೆಚ್ಚಾಗಿ ಕೇಳಿಸುತ್ತಿದ್ದುದು ತೀರಿಹೋದ ಬಮ್ಮೋಜನ ದನಿ. ಅವನ ಮಗ ಮಾಚೋಜ ಆ ದೀಪದಡಿಯಲ್ಲೇ ಕಂಚು ಬಡಿಯುತ್ತಿದ್ದ. ಹಿರಿಯ ಮಗಳು ದೇಕವ್ವೆ ಕುಲುಮೆಯ ಹಿತ್ತಿಲಲ್ಲಿ ಪಾತ್ರೆ ಬೆಳಗುತ್ತಿದ್ದಳು. ಅವಳು ಬೆಳಗಿದ ತಂಬಿಗೆಯಲ್ಲಿ ಸೊಳ್ಳೆಯೂ ಮುಖ ನೋಡಿಕೊಂಡು ಹೋಗುತ್ತಿತ್ತಂತೆ.

ಒಂದು ದಿನ ಹಿಮಕೇತು ಎಂಬ ಮಾಂತ್ರಿಕ ಬಂದ. ಅವನ ಕೈಯಲ್ಲಿ ಮಸಿಯಿಲ್ಲದ, ನೆರಳು ಬೀಳದ, ತಣ್ಣನೆಯ ಬೆಳಕು. ರಾಜನಿಗೆ ಹೊಸದೆಂದರೆ ಬಾಯಲ್ಲಿ ನೀರು. “ಆ ಮಸಿ ಹಿಡಿದ ಗುಡಾಣವನ್ನು ಗುಜರಿಗೆ ಎಸೆಯಿರಿ” ಎಂದ. ಎಸೆದರು. ಹೊಸ ಬೆಳಕಿನಲ್ಲಿ ಕೆಲಸಕ್ಕೆ ಕೂತವರು ಕೂತಲ್ಲೇ ಕಂಚಿನ ಬೊಂಬೆಗಳಾದರು. ಮಾಚೋಜನೂ ಆದ. ಹುಣ್ಣಿಮೆಗೆ ಅವರನ್ನೆಲ್ಲ ಕರಗಿಸಿ ತನಗೊಂದು ಸಿಂಹಾಸನ ಎರಕ ಹೊಯ್ಯುವುದು ಮಾಂತ್ರಿಕನ ಹಂಚಿಕೆ.

ಹಳೆಯ ದೀಪ ತಂದು ಹಚ್ಚಿ ತಮ್ಮನನ್ನು ಉಳಿಸಿಕೊಳ್ಳಲು, ಹಿತ್ತಿಲಲ್ಲಿದ್ದು ಪಾರಾಗಿದ್ದ ದೇಕವ್ವೆ ಗುಜರಿಬೆಟ್ಟಕ್ಕೆ ಓಡಿದಳು. ಬುಡದಲ್ಲಿ ತುಕ್ಕಿನ ಕರಡಿ ಅಡ್ಡ ನಿಂತಿತು. “ಕೀಲೆಲ್ಲ ಹಿಡಿದಿದೆ, ತಂಗೀ.” ಎಣ್ಣೆ ಹಾಕಿ ತಿಕ್ಕಿದಳು, ಅದು ದಾರಿ ಬಿಟ್ಟಿತು. ನಡುವೆ ತಂತಿಯ ಹಾವು ಅಡ್ಡ ಬಂತು. “ಮೈಯೆಲ್ಲ ಗಂಟು, ತಂಗೀ.” ಗಂಟು ಬಿಡಿಸಿದಳು, ಅದೂ ದಾರಿ ಬಿಟ್ಟಿತು. ತುದಿಯಲ್ಲಿ, ಸೊಟ್ಟಗಾದ ದೀಪದ ಮೇಲೇ ಗಾಜಿನ ಗೂಬೆ ಕೂತಿತ್ತು. “ಕಣ್ಣು ಮಸುಕು, ತಂಗೀ.” ಸೆರಗಿನಿಂದ ಒರೆಸಿದಳು. ಗೂಬೆ ಅವಳನ್ನೇ ದಿಟ್ಟಿಸಿ ಹೇಳಿತು:

“ಕೊಡೆಯ ತಗ್ಗು ಎತ್ತು, ಸರಪಳಿ ಕೂಡಿಸು, ಹೊರಮೈ ಬೆಳಗು. ಒಳಮೈ ಮಾತ್ರ ಮುಟ್ಟಬೇಡ.”

“ಅಷ್ಟೂ ತಿಳಿಯದೆ ನನಗೆ? ಅಲ್ಲಿ ನಮ್ಮಪ್ಪನ ಬೆರಳಿದೆ” ಎಂದಳು ದೇಕವ್ವೆ.

ಮರದ ಕೊಡತಿಯಿಂದ ಬಡಿದು ತಗ್ಗು ಎತ್ತಿದಳು. ಸರಪಳಿ ಕೂಡಿಸಿದಳು. ಹುಣಸೆಹಣ್ಣು, ಬೂದಿ ಹಚ್ಚಿ ಹೊರಮೈ ಉಜ್ಜಿದಳು. ಕಂಚು ನಕ್ಕಿತು, ಅವಳೂ ನಕ್ಕಳು. ಅಂಚಿನಲ್ಲಿ ಒಂದಿಷ್ಟು ಕಪ್ಪು ಉಳಿದಿತ್ತು, ಉಜ್ಜಿದಳು. ಅಂಚಿನಾಚೆ ಇನ್ನೊಂದಿಷ್ಟು ಕಂಡಿತು. ಹುಟ್ಟುಗುಣ ಸುಟ್ಟರೂ ಹೋಗದು. ಹೊಳಪು ಕಂಡ ಕೈ ನಿಲ್ಲಲಿಲ್ಲ. ಎಚ್ಚರವಾದಾಗ ಒಳಮೈಯಲ್ಲಿ ಅವಳ ಮುಖ ಕಾಣುತ್ತಿತ್ತು. ಬೇರೆ ಯಾವ ಗುರುತೂ ಇರಲಿಲ್ಲ.

ಅಳಲು ಹೊತ್ತಿರಲಿಲ್ಲ, ಅಂದು ಹುಣ್ಣಿಮೆ. ಕರಡಿಯ ಬೆನ್ನ ಮೇಲೆ ದೀಪ ಹೊರಿಸಿ ತಂದಳು, ತೂಗುಹಾಕಿ ಹಚ್ಚಿದಳು. ಹುಟ್ಟಿದಾರಭ್ಯ ನೆರಳೇ ಇಲ್ಲದಿದ್ದ ಹಿಮಕೇತುವಿಗೆ ಆಗ ನೆರಳು ಬಿತ್ತು. ಅದು ಎದ್ದು ಅವನನ್ನು ನುಂಗಿತು. ಬೊಂಬೆಗಳು ಉಸಿರಾಡಿದವು.

ಮಾಚೋಜ ಕಣ್ಣುಬಿಟ್ಟು ಸುತ್ತಿಗೆ ಹಿಡಿದ. ಜೋಮು ಹಿಡಿದ ಕೈ, ಸುತ್ತಿಗೆ ಜಾರಿ ಬೆರಳಿಗೆ ಬಡಿಯಿತು. ಅವನು ಮೇಲೆ ನೋಡುತ್ತ ಕಾದ.

“ಅಕ್ಕಾ, ಅಪ್ಪ ಯಾಕೆ ಏನೂ ಅನ್ನಲಿಲ್ಲ?”

“ನಾನೇ ಉಜ್ಜಿಬಿಟ್ಟೆ ಕಣೋ” ಎಂದಳು ದೇಕವ್ವೆ. ಮಸಿಯಾದ ಕೈಗಳನ್ನು ಎಲ್ಲಿ ಇಡಬೇಕೋ ಅವಳಿಗೆ ತಿಳಿಯಲಿಲ್ಲ.

ಕೆಟ್ಟ ಮೇಲೆ ರಾಜನಿಗೂ ಬುದ್ಧಿ ಬಂತು. ಬದುಕಿದವರೆಲ್ಲ ಮತ್ತೆ ಹೆಬ್ಬೆರಳು ಒತ್ತಿದರು, ದೇಕವ್ವೆಯೂ ಒತ್ತಿದಳು. ಸತ್ತವರು ಬಂದು ಒತ್ತುವಂತಿರಲಿಲ್ಲ. ರಾಜ್ಯ ಸುಖವಾಗಿತ್ತು, ಮಾಚೋಜನಿಗೆ ಮಕ್ಕಳು ಮೊಮ್ಮಕ್ಕಳಾದರು. ದೇಕವ್ವೆ ಮಾತ್ರ ಮುದುಕಿಯಾಗುವ ತನಕ, ಎಲ್ಲಿ ಸುತ್ತಿಗೆ ಜಾರಿದರೂ ತಲೆಯೆತ್ತಿ ಕಿವಿಗೊಡುತ್ತಿದ್ದಳು.

ಅವಳು ತೀರಿಕೊಂಡು ಎಷ್ಟೋ ಕಾಲವಾಯಿತು. ಇಂದಿಗೂ ಆ ದೀಪವನ್ನು ಇಳಿಸಿ ಬೆಳಗುವಾಗ, ಉಜ್ಜುವವರ ಕೈ ಕೊಡೆಯ ಅಂಚಿಗೆ ಬಂದೊಡನೆ ಒಳಗಿನಿಂದ ಹೆಣ್ಣುದನಿಯೊಂದು ಹೇಳುತ್ತದೆ: “ಸಾಕು ಮಗಾ, ಇನ್ನು ಉಜ್ಜಬೇಡ.”