ಇಂಗ್ಲಿಷ್ ಬ್ಯಾಂಡು

ಸಂಜೆ ಐದೂವರೆ. ಸುಭಾಸ ಅಂದೂ ಬಂದು ಮನೆ ಮುಂದಿನ ಬೇವಿನ ಕಟ್ಟೆಯ ಮೇಲೆ ಕುಳಿತ.

ಅಮೃತಾ ಕಿಟಕಿಯಿಂದ ನೋಡಿದಳು. ನವಲಗುಂದ-ಹುಬ್ಬಳ್ಳಿ ಬಸ್ಸಿನ ಕಂಡಕ್ಟರ್ ಅವಳು. ಟಿಕೆಟ್ ತೆಗೆಸದವನನ್ನು ಮುಖ ನೋಡಿಯೇ ಹಿಡಿಯುವವಳು. ಇವನದೂ ಅದೇ ಮುಖ. ಒಂಬತ್ತು ದಿನದಿಂದ ಮೊಬೈಲ್ ಹಿಡಿದು ಇಲ್ಲೇ ಕೂಡುತ್ತಾನೆ. ಕಿಟಕಿ ಕಡೆ ಕದ್ದು ನೋಡುತ್ತಾನೆ; ಅವಳು ನೋಡಿದರೆ ಬೇವಿನ ಎಲೆ ಎಣಿಸುವವನ ಹಾಗೆ ತಲೆ ಮೇಲೆತ್ತುತ್ತಾನೆ.

ಮನೆಯ ಹಳೇ ರೇಡಿಯೊ ರಿಪೇರಿ ಮಾಡಿದವನೂ ಇವನೇ. ಅದು ತೀರಿಹೋದ ಅಜ್ಜ ಮಡಿವಾಳೆಪ್ಪನದು. ಮದುವೆ ಬ್ಯಾಂಡಿನಲ್ಲಿ ಕ್ಲಾರಿಯೋನೆಟ್ ಊದುತ್ತಿದ್ದ ಅಜ್ಜ, ದಿನಾ ಸಂಜೆ ಪರದೇಶದ ಸ್ಟೇಶನ್ ಹಿಡಿದು ಜಾಜ್ ಕೇಳುತ್ತಿದ್ದ. ಇಪ್ಪತ್ತು ಮಂದಿ ಒಟ್ಟಿಗೆ ಊದುವ ಆ ಬಾಜಾಕ್ಕೆ ಅಜ್ಜಿ ಗೌರಕ್ಕ ಇಟ್ಟ ಹೆಸರು ‘ಇಂಗ್ಲಿಷ್ ಬ್ಯಾಂಡು’.

“ಬ್ಯಾಂಡ್ ಬರವಲ್ದೋ ತಮ್ಮಾ,” ಎಂದಿದ್ದಳು ಅಜ್ಜಿ. ಸುಭಾಸ ರೇಡಿಯೊದ ಶಾರ್ಟ್‌ವೇವ್ ಬ್ಯಾಂಡ್ ಎಂದು ತಿಳಿದು ಸರಿಮಾಡಿ ತಂದ. ಬರೀ ಗೊರಗೊರ. “ಇದಲ್ಲೋ, ನಮ್ಮ ಮನಿಯವರ ಬ್ಯಾಂಡು!” ಎಂದು ಅಜ್ಜಿ ಅತ್ತೇಬಿಟ್ಟಳು. ಅವನು ರೇಡಿಯೊ ಮತ್ತೆ ಹೊತ್ತೊಯ್ದ. ಮರಳಿ ತಂದ ದಿನದಿಂದ ಸಂಜೆಗೆ ಸರಿಯಾಗಿ ಬ್ಯಾಂಡು ಬರುತ್ತಿದೆ.

ಆ ಸ್ಟೇಶನ್ ನಿಂತು ವರ್ಷಗಳಾದವು. ಮತ್ತೆ ಇದು ಎಲ್ಲಿಂದ? ಅಜ್ಜನ ರೇಡಿಯೊದ ಒಳಗಿನ ಸಾಮಾನು ಬದಲಿಸಿದನೇ? ಇಲ್ಲಾ ರೇಡಿಯೊ ಬರೀ ನೆಪವೇ? ಓಣಿಯ ಶಿವಗಂಗವ್ವ ಬೇರೆ, “ಯಾರವ್ವಾ ಆ ಹುಡುಗ, ಬೇರು ಬಿಟ್ಟಂಗ ಕುಂತಾನಲ್ಲ?” ಎಂದು ಕೇಳಿಯಾಗಿತ್ತು. ಅವನು ಬಂದಾಗೆಲ್ಲ ತನ್ನ ಕೈ ಜಡೆ ಸರಿಮಾಡಿಕೊಳ್ಳುತ್ತದಲ್ಲ ಎಂದು ಅಮೃತಾಗೆ ತನ್ನ ಮೇಲೂ ಸಿಟ್ಟಿತ್ತು.

ಅವನ ರಿಪೇರಿ ಅಂಗಡಿಯ ಚೀಟಿಯಲ್ಲಿದ್ದ ನಂಬರಿಗೆ ಮೆಸೇಜ್ ಹಾಕಿದಳು: “ನಾಳಿಂದ ಕಟ್ಟಿ ಮ್ಯಾಲೆ ಕುಂದರಬ್ಯಾಡ್ರಿ.”

ಒಳಗೆ ರೇಡಿಯೊ ‘ಟಿಣ್’ ಎಂದಿತು.

ಅಮೃತಾ ಗಕ್ಕನೆ ನಿಂತಳು. ಇನ್ನೊಂದು ಕಳಿಸಿದಳು: “ಕೇಳಿಸ್ತೇನ್ರಿ?”

ಟಿಣ್!

“ಬ್ಯಾಂಡಿನಾಗ ಗಂಟಿ ಬಾರಸಾಕತ್ತಾರ ನೋಡ,” ಎಂದು ಅಜ್ಜಿ ನಕ್ಕಳು.

ಅಮೃತಾ ದಡದಡ ಹೊರಗೆ ಬಂದಳು. “ರೇಡಿಯೋದಾಗ ಏನಿಟ್ಟೀರಿ?”

“ಸಣ್ಣ ಬ್ಲೂಟೂತ್ ರಿ,” ಸುಭಾಸ ಎದ್ದು ನಿಂತ. “ಹಾಡು ನನ್ನ ಮೊಬೈಲಿಂದ ಹೋಗ್ತಾವ. ಕಟ್ಟಿ ಬಿಟ್ಟು ಸರದ್ರ ನಿಂತಬಿಡ್ತಾವ. ಅಜ್ಜನ ಸಾಮಾನು ಒಂದೂ ತಗದಿಲ್ರಿ, ಆಣಿ ಮಾಡ್ತೀನಿ.”

“ಮತ್ತ ಕಿಟಕಿ ಕಡೆ ಯಾಕ ನೋಡ್ತಿದ್ರಿ?”

ಅವನ ಕಿವಿ ಕೆಂಪಾದವು. “ಮೊದಲನೇ ದಿನ ಅಜ್ಜಿ ಸಲುವಾಗಿ ಬಂದೆ. ಆಮ್ಯಾಲೆ... ನಿಮ್ಮ ಸಲುವಾಗೂ ಬಂದೀನ್ರಿ. ತಪ್ಪಾತು. ಇನ್ನ ಕುಂದ್ರೂದಿಲ್ಲ.”

ಅವನು ತಲೆ ತಗ್ಗಿಸಿ ಹೊರಟ. ಹತ್ತು ಹೆಜ್ಜೆಗೆ ಬ್ಯಾಂಡು ತಡವರಿಸಿತು. ಹನ್ನೆರಡಕ್ಕೆ ನಿಂತೇಹೋಯಿತು.

“ಅಮೃತಾ... ಮತ್ತ ಹೋತೇನವ್ವಾ?” ಅಜ್ಜಿ ಒಳಗಿಂದ ಕೂಗಿದಳು.

ಅಮೃತಾಳ ಎದೆಯಲ್ಲೂ ಏನೋ ನಿಂತಂತಾಯಿತು. “ಏ, ಎಲ್ಲಿ ಹೊಂಟ್ರಿ?” ಎಂದು ಬಸ್ಸಿನಲ್ಲಿ ಕೂಗುವ ದನಿಯಲ್ಲೇ ಕೂಗಿದಳು. “ಕಟ್ಟಿ ಮ್ಯಾಲೆ ಕುಂದರಬ್ಯಾಡ್ರಿ ಅಂದೀನಿ. ಒಳಗ ಬರಬ್ಯಾಡ್ರಿ ಅಂದೀನೇನು?”

ಅವನು ಹೊಸ್ತಿಲಿಗೆ ಬರುವಷ್ಟರಲ್ಲಿ ಬ್ಯಾಂಡು ಮತ್ತೆ ಶುರುವಾಗಿತ್ತು.