ನಿದಿಯಾ ಅಡಗಿದ್ದ ಮೂರು ಮನೆಗಳು

"ಯೆಸಿದ್‌ನ ಇವತ್ತೇ ಕೆಲಸದಿಂದ ತೆಗೀತೀನಿ, ಎರ್ಸಿಲಿಯಮ್ಮ. ಉಂಡ ಮನೆಗೇ ಎರಡು ಬಗೆದ!"

ಸೋಮವಾರ ಬೆಳಿಗ್ಗೆ ನಾವು ಒಳಗೆ ಬರುತ್ತಲೇ ವಕೀಲ ಆರ್ನುಲ್ಫೊ ಕೂಗಾಡಿದರು. ಪೊಪಯಾನ್ ಪಟ್ಟಣದಲ್ಲಿ ರೈತರ ಜಮೀನಿನ ಹಕ್ಕಿಗಾಗಿ ಹೊಡೆದಾಡುವ ಪುಟ್ಟ ಕಚೇರಿ ಅವರದು. ಯೆಸಿದ್ ಅಲ್ಲಿನ ಡ್ರೈವರು.

ಸಂಗತಿ ಇಷ್ಟು. ಗಂಡನನ್ನು ಕೊಂದವರ ಹೆಸರನ್ನು ನಿದಿಯಾ ಗುರುವಾರ ಕೋರ್ಟಿನಲ್ಲಿ ಹೇಳಬೇಕಿತ್ತು. ಅಲ್ಲಿಯವರೆಗೆ ಜೀವ ಉಳಿಯಬೇಕಲ್ಲ? ಮೊದಲು ಬೆಟ್ಟದ ಚಳಿಯೂರಿನಲ್ಲಿಟ್ಟರು. ಮರುದಿನವೇ ಬಂದೂಕಿನವರು ಬೈಕಿನಲ್ಲಿ ಬಂದರು. ನದಿಯಾಚೆಯ ಕೆಸರೂರಿಗೆ ಸಾಗಿಸಿದರು, ಅಲ್ಲಿಗೂ ಬಂದರು. ಎರಡು ಸಲವೂ ಕೂದಲೆಳೆಯ ಅಂತರದಲ್ಲಿ ಪಾರಾದಳು. ಈಗ ಸೆಕೆಯ ಕಣಿವೆಗೆ ಬಂದು ಐದು ದಿನ, ಅಲ್ಲಿಗೆ ಮಾತ್ರ ಯಾರೂ ಬಂದಿರಲಿಲ್ಲ. ಈ ಮನೆಗಳು ಗೊತ್ತಿದ್ದದ್ದು ವಕೀಲರಿಗೆ, ಯೆಸಿದ್‌ಗೆ, ಅಡುಗೆಯ ಓಫೆಲಿಯಾಗೆ, ಅಷ್ಟೇ.

ಇಂಥ ಕಚೇರಿಗಳಿಗೆ ಅಪಾಯ ಎಲ್ಲಿಂದ ಬರಬಹುದೆಂದು ಅಳೆದು ಹೇಳುವುದೇ ಎರ್ಸಿಲಿಯಮ್ಮನ ಕೆಲಸ. ಹನ್ನೊಂದು ವರ್ಷದಿಂದ ನಾನು ಅವರ ಸಹಾಯಕಿ, ಅವರ ನೆರಳು.

"ಯಾರು ಹೇಳಿದ್ರು ಅನ್ನೋದು ಆಮೇಲೆ. ನಿದಿಯಾನ ಸಾಗಿಸೋ ಮುಂಚೆ ನೀವೆಲ್ಲ ಏನೇನು ಮಾಡ್ತೀರಿ, ಅದನ್ನ ಹೇಳಿ" ಎಂದರು. ನನಗೆ ಮೈಯೆಲ್ಲ ಉರಿದುಹೋಯಿತು. ಒಂದು ಹೆಂಗಸಿನ ಪ್ರಾಣ ತೂಗಾಡುತ್ತಿರುವಾಗ ದಿನಚರಿ ಕೇಳುತ್ತಾರಲ್ಲ!

ಕಚೇರಿಯ ಒಳಅಂಗಳದಲ್ಲಿ ಓಫೆಲಿಯಾ ಸಿಕ್ಕಳು. "ಹಿಂದಿನ ದಿನ ಸಾಮಾನು ಬಿಸಿಲಿಗೆ ಹಾಕ್ತೀನಮ್ಮಾ. ಬೆಟ್ಟಕ್ಕೆ ಹೊದೆಯೋ ಉಣ್ಣೆಯ ರುವಾನಾ, ಕೆಸರಿಗೆ ರಬ್ಬರ್ ಬೂಟು, ಕಣಿವೆಗೆ ಮಲಗೋ ಜೋಲಿ. ಮುಗ್ಗಲು ಹಿಡಿದಿದ್ದನ್ನ ಹೊದ್ದು ಹಿಂದೊಬ್ರಿಗೆ ಕೆಮ್ಮು ಹಿಡಿದಿತ್ತು ನೋಡಿ."

"ಈ ಸಲ ಜೋಲೀನೂ ಹಾಕಿದ್ಯಾ?"

"ಎಲ್ಲಿ ಬಂತು! ಅವತ್ತು ಜಡಿಮಳೆ. ಒಲೆ ಪಕ್ಕ ಒಣಗಿಸ್ದೆ."

ಅಷ್ಟರಲ್ಲಿ ಕಚೇರಿಯ ಹಿಂಬದಿಯ ಕ್ಷೌರದಂಗಡಿಯ ಫಾಬ್ರಿಸಿಯೊ ಬಿಸಿ ಬನ್ನು ಹಿಡಿದು ಬಂದ. "ಡ್ರೈವರನ್ನ ನಂಬಬಾರದಿತ್ತು, ವಕೀಲರೇ" ಎಂದು ಲೊಚಗುಟ್ಟಿದ. ಮೂಲೆಯಲ್ಲಿದ್ದ ಯೆಸಿದ್ ತಲೆ ಎತ್ತಲಿಲ್ಲ. ಪಾಪ, ಅವನ ಮುಖ ನೋಡಲಾಗಲಿಲ್ಲ ನನಗೆ. ಎರ್ಸಿಲಿಯಮ್ಮ ಮಾತ್ರ ಮೇಲೆ ನೋಡುತ್ತಿದ್ದರು. ಸುತ್ತಲೂ ಎತ್ತರದ ಗೋಡೆ. ಅಂಗಳದತ್ತ ತೆರೆದಿದ್ದದ್ದು ಅಂಗಡಿಯ ಮಹಡಿಯ ಒಂದೇ ಕಿಟಕಿ.

ಮಂಗಳವಾರ ಅವರೇ ಹೋಗಿ ರುವಾನಾವನ್ನು ಅಂಗಳದ ಹಗ್ಗಕ್ಕೆ ಹರವಿದರು. ಯಾರಿಗೂ ಏನೂ ಹೇಳಲಿಲ್ಲ, ನನಗೂ.

ಗುರುವಾರ ಬೆಳಿಗ್ಗೆ ಎಲ್ಲರನ್ನೂ ಅಡುಗೆಮನೆಗೆ ಕರೆಸಿದರು, ಫಾಬ್ರಿಸಿಯೊನನ್ನೂ.

"ನಿನ್ನೆ ಬಂದೂಕಿನವರು ಬೆಟ್ಟದ ಖಾಲಿ ಮನೆಗೆ ನುಗ್ಗಿದ್ರಂತೆ. ಪಕ್ಕದೂರಿನವರು ನೋಡಿದ್ದಾರೆ. ನಿದಿಯಾ ಕಣಿವೇಲಿ ಇದ್ದಾಳೆ ಅಂತ ಈ ಮೂವರಿಗೂ ಗೊತ್ತು. ಇವರಲ್ಲೊಬ್ರು ಬಾಯಿ ಬಿಟ್ಟಿದ್ರೆ ಕೊಲೆಗಾರರು ಕಣಿವೆಗೇ ಹೋಗ್ತಿದ್ರು. ಬೆಟ್ಟಕ್ಕೆ ಯಾಕೆ ಹೋದ್ರು? ರುವಾನಾ ನೋಡಿದವನು ಹೇಳಿದ, ಅದಕ್ಕೆ. ಒಣಗಿಸಿದ್ದು ನೋಡಿದ್ರೆ ಯಾವ ಕಡೆ ಅಂತ ತಿಳಿಯುತ್ತೆ, ಪುಟ್ಟ ಊರಲ್ಲಿ ಹೊಸಬರನ್ನ ಹುಡುಕೋದು ಕಷ್ಟವಾ? ಬಿಸಿಲಿದ್ದ ಎರಡು ಸಲ ಬಂದ್ರು, ಮಳೆ ಬಂದ ಸಲ ಬರಲಿಲ್ಲ. ಅಂಗಳ ಕಾಣೋ ಕಿಟಕಿ ಒಂದೇ, ಫಾಬ್ರಿಸಿಯೊ."

ಅಬ್ಬಾ! ಮೂರು ಸಾಮಾನಿನಿಂದ ಇಷ್ಟೆಲ್ಲ ತೆಗೆದರಲ್ಲ ಎಂದುಕೊಂಡೆ ನಾನು.

ಫಾಬ್ರಿಸಿಯೊ ಕುಸಿದು ಕೂತ. "ಅಂಗಡಿ ಸುಡ್ತೀವಿ ಅಂದ್ರು..."

"ನಾನೇ ಹಾಕಿದ್ದು, ನನ್ನ ಕೈಯಾರೆ!" ಓಫೆಲಿಯಾ ಬಿಕ್ಕಿದಳು.

"ನೀನು ಅಕ್ಕರೆಯಿಂದ ಹಾಕ್ದೆ ಕಣೇ. ದ್ರೋಹೀನ ಹುಡುಕೋ ಭರದಲ್ಲಿ ಯಾರೂ ನಮ್ಮ ಅಭ್ಯಾಸಗಳನ್ನ ನೋಡ್ಲಿಲ್ಲ, ಅಷ್ಟೇ."

ವಕೀಲರ ಮುಖ ಬಾಡಿತ್ತು. "ಯೆಸಿದ್, ತಪ್ಪಾಯ್ತಪ್ಪ. ಕ್ಷಮಿಸಿಬಿಡು."

"ನಾಳೆ ಕೇಳಿ, ವಕೀಲರೇ," ಎಂದ ಯೆಸಿದ್, ಆಗಲೇ ಬಾಗಿಲಲ್ಲಿದ್ದ. "ನಿದಿಯಕ್ಕ ಕಾಯ್ತಿದಾಳೆ, ಕೋರ್ಟಿಗೆ ಕರ್ಕೊಂಡು ಬರ್ಬೇಕು."

ಹನ್ನೊಂದಕ್ಕೆ ನಿದಿಯಾ ಕೋರ್ಟಿನಲ್ಲಿ ಎದ್ದು ನಿಂತಳು. ಗಂಡನನ್ನು ಕೊಂದ ನಾಲ್ವರ ಹೆಸರನ್ನೂ ಒಂದೊಂದಾಗಿ ಹೇಳಿದಳು. ಅವಳ ದನಿ ಒಂದು ಸಲವೂ ನಡುಗಲಿಲ್ಲ.