ಎರೆ ಸಿಕ್ಕಿಸುವ ಕೈ

ಅವನು ಸ್ಟೀಲ್ ಡಬ್ಬಿಯನ್ನು ಟೇಬಲ್ಲಿನ ಮೇಲಿಟ್ಟಾಗ, ಅದು ತನಗೆಂದೇ ತಂದದ್ದು ಎಂದುಕೊಂಡಳು ಅಮೃತ.

ಶಿಡ್ಲಘಟ್ಟದ ಬಸ್‌ಸ್ಟ್ಯಾಂಡಿನ ಹಿಂದಿದ್ದ ಆ ಪುಟ್ಟ ಫಿಸಿಯೋಥೆರಪಿ ಕ್ಲಿನಿಕ್ಕಿಗೆ ಬರುವವರು ಏನಾದರೂ ತರುವುದು ವಾಡಿಕೆಯೇ ಆಗಿತ್ತು. ಸೊಂಟ ಹಿಡಿದವರು ಹುರುಳಿಕಾಯಿ ತರುತ್ತಿದ್ದರು. ಮಂಡಿ ನೋವಿನವರು ಕಡಲೆಕಾಯಿ ತರುತ್ತಿದ್ದರು.

"ಯಾಕ್ ಸಾರ್ ತೊಂದ್ರೆ ತಗೊಂಡ್ರಿ" ಎನ್ನುತ್ತಾ ಅವಳು ಮುಚ್ಚಳ ತೆಗೆದಳು. ಒಳಗೆ ಎರಡು ದಿನದ ಹಳೆಯ ಕೋಳಿ ಲಿವರ್ ಇತ್ತು. ಆ ವಾಸನೆ ಮೂಗಿಗಲ್ಲ, ನೇರ ಗಂಟಲಿಗೇ ಬಂದು ಕೂತಿತು.

"ಅದು ನಿಮಗಲ್ಲ ಮೇಡಂ," ಎಂದ ಅವನು, ಕಿವಿಯವರೆಗೂ ಕೆಂಪಾಗಿ. "ಮೀನಿಗೆ."

ಅವನ ಹೆಸರು ಮೋಹನ್‌ಬಾಬು. ಹತ್ತಿರದ ಹಳ್ಳಿಯವನು, ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಅವತ್ತು ಜೊತೆಯಲ್ಲಿ ಅವನ ಅಪ್ಪ ರಾಮಾಂಜಿನಪ್ಪ ಇದ್ದರು. ಐದು ಎಕರೆ ಹಿಪ್ಪುನೇರಳೆ ತೋಟದ ಯಜಮಾನರು. ಎರಡು ತಿಂಗಳ ಹಿಂದೆ ಸ್ಟ್ರೋಕ್ ಆಗಿ ಕಾಲು ಹೇಗೋ ಸುಧಾರಿಸಿತ್ತು, ಬಲಗೈ ಮಾತ್ರ ಮಡಿಚಿಕೊಂಡೇ ಉಳಿದಿತ್ತು. ಅಮೃತ ರಬ್ಬರ್ ಚೆಂಡು ಕೊಟ್ಟು ಒತ್ತಿ ಎಂದರೆ ಅವರು ಮುಖ ತಿರುಗಿಸಿಕೊಂಡರು.

"ಮನೇಲೂ ಹಿಂಗೇ. ಚೆಂಡು ಕೊಟ್ರೆ ಎಸೀತಾರೆ," ಎಂದ ಮೋಹನ್. "ಮೊದ್ಲು ಭಾನುವಾರ ಬಂದ್ರೆ ಕೆರೆ ಏರಿ ಮೇಲೇ ಇರೋರು. ಕ್ಯಾಟ್‌ಫಿಶ್ ಅಂದ್ರೆ ಪ್ರಾಣ. ಈಗ ಗಾಳಕ್ಕೆ ನಾನು ಎರೆ ಸಿಕ್ಕಿಸಿಕೊಡ್ತೀನಿ. ಅವ್ರು ಸುಮ್ನೆ ಕೂತ್ಕೊಂಡು ನನ್ನ ಬೈತಾರೆ."

"ಲಿವರ್ ಯಾರಾದ್ರೂ ಹಂಗೇ ಹಾಕ್ತಾರೇನೋ," ಎಂದರು ರಾಮಾಂಜಿನಪ್ಪ. ಸ್ವಲ್ಪ ಸೊಟ್ಟಗಾಗಿದ್ದ ಆ ಬಾಯಿಂದ ಬಂದ ಮೊದಲ ಮಾತು ಅದು. "ಬಿಸಿಲಿಗಿಟ್ಟು ಬಿಗಿ ಆದ್ಮೇಲೆ ದಾರ ಸುತ್ತಬೇಕು. ಇಲ್ಲಾಂದ್ರೆ ನೀರಿಗೆ ಬಿದ್ದಿದ್ದೇ ಜಾರಿಹೋಗ್ತದೆ."

ಅಮೃತ ಅವರ ಕೈ ನೋಡಿದಳು. ದಾರ ಸುತ್ತುವ ಮಾತು ಬಂದಾಗ ಹೆಬ್ಬೆರಳು ಒಂದಿಷ್ಟು ಅಲುಗಿತ್ತು.

"ಅಂಕಲ್, ಚೆಂಡು ಬೇಡ," ಎಂದಳು. "ಭಾನುವಾರ ಕೆರೆಗೇ ಬರ್ತೀನಿ. ಎರೆ ನೀವೇ ಸಿಕ್ಕಿಸಿ."

ಹಾಗೆ ಶುರುವಾಯಿತು.

ಕೆರೆ ತುಂಬಿಸಲು ಪೈಪಿನಲ್ಲಿ ನೀರು ಬಿಡತೊಡಗಿದ ಮೇಲೆ ಅದು ಬೇಸಿಗೆಯಲ್ಲೂ ತುಂಬಿರುತ್ತಿತ್ತು. ಏರಿಯ ಮೇಲೆ ಹೊಂಗೆಮರದ ನೆರಳಿತ್ತು. ಅಮೃತ ಯಾವ ಬೆರಳಿಗೆ ಯಾವ ಎರೆ ಎಂದು ಯೋಚಿಸಿ ಗೊತ್ತುಮಾಡಿದಳು. ಮೊದಲ ತಿಂಗಳು ಮೈದಾ ಹಿಟ್ಟಿಗೆ ಬೆಳ್ಳುಳ್ಳಿ ಜಜ್ಜಿ ಹಾಕಿ ನಾದುವುದು, ಅದು ಮುಷ್ಟಿಗೆ. ಆಮೇಲೆ ಲಿವರಿಗೆ ದಾರ ಸುತ್ತುವುದು, ಅದು ಮಣಿಕಟ್ಟಿಗೆ. ಕೊನೆಗೆ ಬೇಕಾದ್ದು ಎರೆಹುಳ. ಅದು ಮಿಸುಕಾಡುತ್ತದೆ, ಬೆರಳತುದಿಯ ಹಿಡಿತವಿಲ್ಲದೆ ಆಗುವುದಿಲ್ಲ.

"ನಡುವೆ ಒಂದು ಬೇಕಲ್ಲ ಸಾರ್," ಎಂದಳು ಮೋಹನನಿಗೆ. "ಲಿವರಿಗಿಂತ ಚಿಕ್ಕದು, ಎರೆಹುಳದಷ್ಟು ಕಷ್ಟ ಇರಬಾರ್ದು."

ಅವನು ಅವಳ ಮುಖವನ್ನೇ ನೋಡುತ್ತಾ ಯೋಚಿಸಿದ. ಬೇಕಾದ್ದಕ್ಕಿಂತ ಜಾಸ್ತಿ ಹೊತ್ತೇ ಯೋಚಿಸಿದ.

"ಉತ್ರ ನನ್ನ ಮುಖದ ಮೇಲೆ ಬರ್ದಿಲ್ಲ ಸಾರ್."

"ಗೊತ್ತು," ಎಂದ. "ಆದ್ರೂ ನೋಡ್ತಿದೀನಿ."

ಉತ್ತರ ಊರಲ್ಲೇ ಇತ್ತು. ರೇಷ್ಮೆಗೂಡಿನ ನೂಲು ತೆಗೆದ ಮೇಲೆ ಒಳಗೆ ಉಳಿಯುವ ಬೆಂದ ಹುಳ. ಬೆರಳ ಒಂದು ಗೆಣ್ಣಿನಷ್ಟು ಉದ್ದ, ಕಡಲೆಬೀಜದಷ್ಟು ದಪ್ಪ. ಇಬ್ಬರೂ ಒಂದು ಸಂಜೆ ರೀಲಿಂಗ್ ಯೂನಿಟ್ಟಿಗೆ ಹೋದರು. ಬಿಸಿನೀರಿನ ಹಬೆ, ಗಿರಗಿರ ತಿರುಗುವ ರಾಟೆಗಳು. ಒಂದು ಕವರಿನ ತುಂಬ ಹುಳ ಕೊಟ್ಟ ಹೆಂಗಸು ಅವರಿಬ್ಬರನ್ನೂ ಒಮ್ಮೆ ನೋಡಿ ಸೆರಗಿನಲ್ಲಿ ನಗು ಒರೆಸಿಕೊಂಡಳು.

"ಇಷ್ಟು ವಾಸ್ನೆ ಮೀನಿಗೆ ಇಷ್ಟ ಆಗುತ್ತಾ?" ಅಮೃತ ಕವರನ್ನು ದೂರ ಹಿಡಿದು ನಡೆಯುತ್ತಿದ್ದಳು.

"ಕ್ಯಾಟ್‌ಫಿಶ್‌ಗೆ ಕಣ್ಣು ಮಂದ. ಕೆಸರಲ್ಲಿ ಏನು ಕಾಣುತ್ತೆ? ಆದ್ರೆ ಅದರ ಮೈಯೆಲ್ಲಾ ನಾಲಿಗೆ. ಮೀಸೇಲೂ ರುಚಿ ಗೊತ್ತಾಗುತ್ತೆ."

"ನಿಮಗೆ ಉಲ್ಟಾ. ಮೈಯೆಲ್ಲಾ ಕಣ್ಣು."

ಅವನು ನಕ್ಕ. ನಗುತ್ತಲೇ ಕವರನ್ನು ಅವಳ ಕೈಯಿಂದ ತೆಗೆದುಕೊಂಡ. ಬೆರಳು ಬೆರಳಿಗೆ ತಾಗಿತು. ಇಬ್ಬರೂ ಗಮನಿಸದವರ ಹಾಗೆ ಸ್ವಲ್ಪ ದೂರ ನಡೆದರು.

ಅಮೃತಳಿಗೆ ಇಪ್ಪತ್ತೊಂಬತ್ತು. ಎರಡು ಸಲ ಮನಸ್ಸು ಎಲ್ಲೋ ಹೋಗಲು ಹೊರಟಾಗ ಅವಳೇ ತಡೆದು ನಿಲ್ಲಿಸಿದ್ದಳು. ಹಾಗಾಗಿ ಅವತ್ತು ಮೊದಲೇ ಹೇಳಿಬಿಡುವುದು ಒಳ್ಳೆಯದು ಅನ್ನಿಸಿತು.

"ಸಾರ್, ನಾವು ಬೌದ್ಧರು. ನಮ್ಮಜ್ಜಿ ಕಾಲದಲ್ಲಿ ನಮ್ಮನೆ ಊರಾಚೆ ಇತ್ತು. ಅರ್ಥ ಆಯ್ತಲ್ಲ?"

"ಆಯ್ತು."

"ಹಂಗಿದ್ರೆ ನಾಳೆಯಿಂದ ಹಿಂಗೆ ನೋಡಬೇಡಿ."

ಅವನು ನಿಂತ. "ಅದಕ್ಕೂ ಇದಕ್ಕೂ ಏನು ಸಂಬಂಧ? ನಂಗೆ ಅದೆಲ್ಲ ಏನೂ ಇಲ್ಲ ಅಮೃತ."

ಮೇಡಂ ಹೋಗಿ ಅಮೃತ ಆಗಿತ್ತು. ಅವಳು ನಂಬಿದಳು. ನಂಬಲು ಬಹಳ ದಿನದಿಂದ ಆಸೆಪಟ್ಟವಳ ಹಾಗೆ, ಒಂದೇ ಸಲಕ್ಕೆ ನಂಬಿದಳು.

ಆ ಚಳಿಗಾಲದ ಭಾನುವಾರಗಳು ಅವಳ ಬದುಕಿನಲ್ಲೇ ಚೆಂದದವು. ಬೆಳಗಿನ ಎಂಟು ಗಂಟೆಗೆ ಮಂಜು ಕರಗುವಾಗ ಮೂವರೂ ಏರಿಯ ಮೇಲಿರುತ್ತಿದ್ದರು. ರಾಮಾಂಜಿನಪ್ಪ ಬಟ್ಟಲಿನಿಂದ ಹುಳ ಎತ್ತುವರು, ಬೀಳಿಸುವರು, ತೆಲುಗಿನಲ್ಲಿ ಬೈದುಕೊಳ್ಳುವರು. ಅಮೃತ ಅವರ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದು ಒಂದೊಂದೇ ಬೆರಳು ಬಿಡಿಸುವಳು. ಮೋಹನ್ ಗಾಳದ ಕೊಕ್ಕೆ ಹಿಡಿದುಕೊಂಡು, ನೀರು ನೋಡುವ ನೆಪದಲ್ಲಿ ಅವಳನ್ನು ನೋಡುವನು. ಅವಳು ತಲೆ ಎತ್ತಿದರೆ ಅವನ ಕಣ್ಣು ಥಟ್ಟನೆ ಕೆರೆಗೆ ಹಾರುತ್ತಿತ್ತು.

"ಮೀನು ಎಳೀತಿದೆ ನೋಡೋ," ಎಂದು ಅಪ್ಪ ಗದರಿದ ಮೇಲೆ ಅವನಿಗೆ ಎಚ್ಚರ.

ಇಪ್ಪತ್ತಾರನೆಯ ವಾರ ಅವರೇ ಸಿಕ್ಕಿಸಿದ ಹುಳಕ್ಕೆ ಎರಡು ಕೆ.ಜಿ.ಯ ಕ್ಯಾಟ್‌ಫಿಶ್ ಬಿತ್ತು. ಕಪ್ಪಗೆ, ನುಣ್ಣಗೆ, ಮೀಸೆ ಅಲ್ಲಾಡಿಸುತ್ತಾ ಏರಿಯ ಮೇಲೆ ಹೊರಳಿತು. ಮುದುಕರ ಕಣ್ಣಲ್ಲಿ ನೀರು. ಖುಷಿಯಾದಾಗ ಅವರ ಬಾಯಲ್ಲಿ ತೆಲುಗೇ ಬರುತ್ತಿತ್ತು. "ನಾ ಬಂಗಾರು ತಲ್ಲಿ, ಬಂಗಾರದಂಥ ತಾಯಿ ನೀನು," ಎಂದು ಅಮೃತಳ ತಲೆ ಸವರಿದರು. ಸವರಿದ್ದು ಆ ಸೋತ ಬಲಗೈಯಿಂದಲೇ. ಅವತ್ತು ಅವಳು ತಂದಿದ್ದ ಅವರೆಕಾಳಿನ ಉಪ್ಪಿಟ್ಟನ್ನು ಎರಡು ಸಲ ಹಾಕಿಸಿಕೊಂಡು ತಿಂದರು.

"ಮನೇಲಿ ಮಾತಾಡ್ತೀನಿ," ಎಂದು ಅಂದು ಸಂಜೆ ಮೋಹನ್ ಫೋನಿನಲ್ಲಿ ಹೇಳಿದ.

"ಯಾರ ಮನೇಲಿ?"

"ನಮ್ಮ ಮನೇಲೇ ಕಣೇ. ಅಪ್ಪ ನಿನ್ನ ಇಷ್ಟು ಇಷ್ಟಪಡ್ತಾರೆ. ಇನ್ನೇನು ಭಯ?"

ಆದರೆ ಅವನಿಗಿಂತ ಮೊದಲು ಮಾತೆತ್ತಿದವರು ರಾಮಾಂಜಿನಪ್ಪ.

ಸಂಕ್ರಾಂತಿ ಮುಗಿದ ಮಾರನೆಯ ಭಾನುವಾರ. ಅವರು ಬಿಳಿ ಪಂಚೆ ಉಟ್ಟುಕೊಂಡು ಬಂದಿದ್ದರು. ಗಾಳ ಬಿಚ್ಚುವ ಮೊದಲೇ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡರು. ಅಮೃತ ಡಬ್ಬಿ ತೆಗೆದು ಮೂರು ಪೇಪರ್ ತಟ್ಟೆಗೆ ಉಪ್ಪಿಟ್ಟು ಹಾಕುತ್ತಿದ್ದಳು.

"ಡಾಕ್ಟ್ರಮ್ಮ, ನಮ್ಮ ಮನೆಯವಳು ಓಬಳಮ್ಮನೂ ನಿನ್ನ ವಿಷ್ಯನೇ ಹೇಳ್ತಾ ಇರ್ತಾಳೆ. ಗೌರಿಬಿದನೂರು ಕಡೆ ಅಂದಿದ್ದೆ. ಯಾವೂರು? ಯಾರ ಮನೆ ನಿಂದು? ಹಿರಿಯರು ಬಂದು ಮಾತಾಡ್ಬೇಕು ಅಂದ್ರೆ ಎಲ್ಲಿಗೆ ಬರ್ಬೇಕು?"

ಅವರ ಮುಖದಲ್ಲಿ ಎಷ್ಟು ಪ್ರೀತಿಯಿತ್ತೆಂದರೆ ಉತ್ತರ ಹೇಳಲು ಅವಳಿಗೆ ಸಂಕಟವಾಯಿತು. ಮೋಹನನ ಕಡೆ ನೋಡಿದಳು. ಅವನು ಮುಗುಳ್ನಗುತ್ತಾ ತಟ್ಟೆಗೆ ಕೈ ಚಾಚಿದ್ದ.

"ನಗರಗೆರೆ ಹತ್ರ ಅಂಕಲ್. ನಮ್ಮಪ್ಪ ಚಲಪತಿ ಅಂತ. ಪ್ರೈಮರಿ ಸ್ಕೂಲ್ ಮೇಷ್ಟ್ರಾಗಿ ರಿಟೈರ್ ಆದ್ರು. ನಾವು ಬೌದ್ಧರು."

"ಬೌದ್ಧರು," ಎಂದರು ಅವರು ಮೆಲ್ಲಗೆ. "ಅಂದ್ರೆ, ಅದಕ್ಕೆ ಮೊದ್ಲು?"

"ಅದಕ್ಕೆ ಮೊದ್ಲು ನಮ್ಮನೆ ಊರಾಚೆ ಇತ್ತು ಅಂಕಲ್."

ರಾಮಾಂಜಿನಪ್ಪ ಕೆರೆಯತ್ತ ನೋಡಿದರು. ಬೈಯಲಿಲ್ಲ, ಎದ್ದು ಹೋಗಲಿಲ್ಲ. ಅವಳು ಮುಂದಿಟ್ಟ ತಟ್ಟೆಯನ್ನು ಎಡಗೈಯಿಂದ ಒಂದು ಗೇಣು ಆಚೆ ಸರಿಸಿದರು.

"ಹೊಟ್ಟೆ ತುಂಬಿದೆ ಕಣಮ್ಮ. ಬರೋವಾಗ್ಲೇ ತಿಂದ್ಕೊಂಡು ಬಂದೆ."

ಅದನ್ನು ಅವಳು ತಡೆದುಕೊಳ್ಳುತ್ತಿದ್ದಳು. ಅಷ್ಟಕ್ಕೆ ಅವಳು ಮೊದಲಿಂದಲೂ ತಯಾರಾಗಿಯೇ ಇದ್ದಳು. ಆದರೆ ಅದೇ ಕ್ಷಣದಲ್ಲಿ ಮೋಹನನ ಕೈ, ತಟ್ಟೆಯ ಅಂಚು ಮುಟ್ಟಿದ್ದ ಕೈ, ಹಿಂದಕ್ಕೆ ಹೋಯಿತು. ಯೋಚಿಸಿ ಹೋದದ್ದಲ್ಲ. ಬಿಸಿ ತಾಗಿದರೆ ಹೋಗುತ್ತದಲ್ಲ, ಹಾಗೆ. ತೊಡೆಯ ಮೇಲೆ ಇಟ್ಟುಕೊಂಡ.

"ನಂಗೂ ಆಮೇಲೆ," ಎಂದ.

ಅಮೃತ ಮೂರೂ ತಟ್ಟೆಯದನ್ನು ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದಳು. ಬಟ್ಟಲನ್ನು ಮುಂದಕ್ಕಿಟ್ಟು, "ಹುಳ ತಗೊಳ್ಳಿ ಅಂಕಲ್," ಎಂದಳು. ಅವಳ ದನಿ ಎಂದಿನಂತೆಯೇ ಇತ್ತು. ಅವರ ಬೆರಳುಗಳನ್ನು ಬಿಡಿಸುವಾಗ ಮಾತ್ರ ಆ ಕೈ ತನ್ನ ಕೈಯಲ್ಲಿ ಸೆಟೆದುಕೊಂಡದ್ದು ಅವಳಿಗೆ ತಿಳಿಯಿತು. ಮೊದಲ ತಿಂಗಳಿನ ಹಾಗೆ.

ಇನ್ನೂ ನಾಲ್ಕು ಸಿಟಿಂಗ್ ಬಾಕಿಯಿದ್ದವು. ಅವಳು ನಾಲ್ಕಕ್ಕೂ ಬಂದಳು. ಮೋಹನನ ಮೆಸೇಜುಗಳು ದಿನವೂ ಬರುತ್ತಿದ್ದವು. ಅಪ್ಪನ ಮನಸ್ಸಿಗೆ ಆಗ ನೋವಾಗಬಾರದು ಅಂತ, ಬಿಪಿ ಜಾಸ್ತಿ ಆಗಿಬಿಟ್ಟರೆ ಅಂತ, ಸರಿಯಾದ ಟೈಮ್ ನೋಡಿ ಹೇಳೋಣ ಅಂತ. ಅವಳು ಎಲ್ಲವನ್ನೂ ಓದುತ್ತಿದ್ದಳು. ಕೆಲವನ್ನು ಎರಡೆರಡು ಸಲ ಓದಿದಳು. ರಾತ್ರಿ ಹಾಸ್ಟೆಲಿನ ಕೋಣೆಯಲ್ಲಿ ಮಲಗಿ, ಆ ಕೈ ಹಿಂದಕ್ಕೆ ಹೋಗದೇ ಇದ್ದಿದ್ದರೆ ಎಂದು ಕಲ್ಪಿಸಿಕೊಳ್ಳುವಳು. ಕಲ್ಪನೆಯಲ್ಲೂ ಅದು ಹೋಗುತ್ತಿತ್ತು.

ಕೊನೆಯ ಭಾನುವಾರ ಅವಳು ಎರೆಹುಳ ತರಿಸಿದ್ದಳು. ರಾಮಾಂಜಿನಪ್ಪ ಒದ್ದೆಮಣ್ಣಿನಿಂದ ಒಂದನ್ನು ಎಳೆದರು. ಅದು ಸುತ್ತಿಕೊಂಡಿತು, ಜಾರಿತು. ಮತ್ತೆ ಹಿಡಿದರು. ಹೆಬ್ಬೆರಳು ತೋರುಬೆರಳು ಕೂಡಿದವು. ಎಡಗೈಯಲ್ಲಿ ಕೊಕ್ಕೆ ಹಿಡಿದು, ಯಾರ ಸಹಾಯವೂ ಇಲ್ಲದೆ, ಹುಳವನ್ನು ಮೂರು ಮಡಿಕೆ ಮಾಡಿ ಸಿಕ್ಕಿಸಿದರು.

"ಮುಗೀತು ಅಂಕಲ್," ಎಂದಳು ಅಮೃತ. "ಇನ್ನು ನಾನು ಬರೋದು ಬೇಕಾಗಿಲ್ಲ."

ಅವರು ಕೊಕ್ಕೆ ಕೆಳಗಿಟ್ಟರು. "ನಿಂದು ದೊಡ್ಡ ಮನಸ್ಸಮ್ಮ. ಈ ಕೈ ನೀನು ಕೊಟ್ಟಿದ್ದು." ಆಮೇಲೆ ಎರಡೂ ಕೈ ಎತ್ತಿ ಜೋಡಿಸಿದರು. ಎಂಟು ತಿಂಗಳಲ್ಲಿ ಮೊದಲ ಸಲ ಆ ಅಂಗೈಗಳು ಪೂರ್ತಿಯಾಗಿ ಒಂದಕ್ಕೊಂದು ಕೂಡಿದ್ದವು. ಬೇರೆ ಯಾವ ಪೇಷೆಂಟ್ ಆಗಿದ್ದರೂ ಅವಳು ಕುಣಿದಾಡುತ್ತಿದ್ದಳು. ತಲೆ ಸವರುವಷ್ಟು ಹತ್ತಿರದಲ್ಲೇ ಕೂತಿದ್ದರು ಅವರು. ಸವರಲಿಲ್ಲ. ಅವಳೂ ಕೈ ಮುಗಿದು ಎದ್ದಳು.

ಮೋಹನ್ ಅವಳನ್ನು ಬೈಕಿನಲ್ಲಿ ಬಸ್‌ಸ್ಟ್ಯಾಂಡಿಗೆ ತಂದು ಬಿಟ್ಟ. ಮಧ್ಯಾಹ್ನದ ಬಿಸಿಲು. ಗೂಡಿನ ಚೀಲ ಇಟ್ಟುಕೊಂಡು ನಾಲ್ಕೈದು ಜನ ರೈತರು ಆಟೋ ಕಾಯುತ್ತಿದ್ದರು.

"ನೀನು ಕ್ಲಿನಿಕ್ ಬಿಟ್ಟೆ ಅಂತ ಅಲ್ಲಿಯವ್ರು ಹೇಳಿದ್ರು," ಎಂದ. "ನಂಗೆ ಯಾಕೆ ಹೇಳ್ಲಿಲ್ಲ?"

"ಗೌರಿಬಿದನೂರಲ್ಲಿ ಕೆಲ್ಸ ಸಿಕ್ತು. ಮನೆಗೂ ಹತ್ರ."

"ಅಮೃತ, ಇವತ್ತು ಹೇಳ್ತೀನಿ. ಈಗ್ಲೇ ವಾಪಸ್ ಹೋಗಿ ಅಪ್ಪಂಗೆ ಹೇಳ್ತೀನಿ. ಅವ್ರು ಒಪ್ಲಿಲ್ಲ ಅಂದ್ರೆ ರಿಜಿಸ್ಟರ್ ಮ್ಯಾರೇಜ್ ಆಗಣ. ನಂಗೆ ನೀನು ಬೇಕು ಕಣೇ. ನಿನ್ನಷ್ಟು ಯಾರನ್ನೂ ನಾನು ಪ್ರೀತಿ ಮಾಡಿಲ್ಲ."

ಈ ಮಾತಿಗಾಗಿ ಅವಳು ಎಷ್ಟು ಭಾನುವಾರ ಕಾದಿದ್ದಳು. ಅವನ ಕಣ್ಣು ತುಂಬಿತ್ತು. ಸುಳ್ಳಲ್ಲ ಎಂದು ಅವಳಿಗೆ ಗೊತ್ತಿತ್ತು.

"ನಂಗೂ ಹಂಗೇ ಸಾರ್," ಎಂದಳು. "ಅದಕ್ಕೇ ಹೋಗ್ತಿರೋದು."

"ಒಂದೇ ಒಂದು ಸಲ ತಪ್ಪಾಯ್ತು. ಅಪ್ಪ ಎದುರಿಗಿದ್ರು. ಅದು ನಾನು ಬೇಕು ಅಂತ ಮಾಡಿದ್ದಲ್ಲ."

"ಬೇಕು ಅಂತ ಮಾಡಿದ್ರೆ ಜಗಳ ಆಡ್ತಿದ್ದೆ. ನಿಮ್ಮಪ್ಪ ತಟ್ಟೆ ಸರಿಸಿದ್ರು, ಅದು ಅವ್ರ ತೀರ್ಮಾನ. ನಿಮ್ಮ ಕೈ ತಾನಾಗೇ ಹೋಯ್ತು. ನಾಳೆ ನಂಗೊಂದು ಮಗು ಹುಟ್ಟಿ, ಅದು ನಿಮ್ಮ ಮನೇಲಿ ಯಾವುದೋ ತಟ್ಟೆ ಮುಟ್ಟಿದಾಗ, ಆ ಕೈ ಮತ್ತೆ ಹೋದ್ರೆ?"

ಅವನು ತನ್ನ ಕೈಯನ್ನೇ ನೋಡಿಕೊಂಡ. "ಕಲೀತೀನಿ. ಅಪ್ಪನ ಕೈಗೆ ಎಂಟು ತಿಂಗ್ಳು ಕಾದ್ಯಲ್ಲ. ನಂಗೆ ಕಾಯಲ್ವಾ?"

ಅಮೃತ ಬ್ಯಾಗನ್ನು ಬೈಕಿನಿಂದ ಇಳಿಸಿ ಪಕ್ಕಕ್ಕಿಟ್ಟಳು.

"ಪೇಷೆಂಟಿಗೆ ಆದ್ರೆ ಎಷ್ಟು ದಿನ ಬೇಕಾದ್ರೂ ಕಾಯ್ತೀನಿ," ಎಂದಳು. "ಗಂಡನಿಗೆ ಕಾಯಕ್ಕಾಗಲ್ಲ ಸಾರ್. ನೀವು ಕಲೀರಿ. ಖಂಡಿತ ಕಲೀರಿ. ಆದ್ರೆ ನನ್ನ ಮುಂದಿಟ್ಕೊಂಡು ಬೇಡ."

ಚಿಕ್ಕಬಳ್ಳಾಪುರದ ಬಸ್ಸು ಬಂತು. ಅವನು ಅವಳ ಬ್ಯಾಗು ಎತ್ತಿ ಒಳಗೆ ಕೊಟ್ಟ. ಕಿಟಕಿಯ ಪಕ್ಕ ನಿಂತು ಏನಾದರೂ ಹೇಳುತ್ತಾನೆ ಎಂದು ಅವಳು ಕಾದಳು. ಬಸ್ಸು ಹೊರಟಿತು.

"ಎಲ್ಲಿಗಮ್ಮ?" ಕಂಡಕ್ಟರ್ ಎರಡು ಸಲ ಕೇಳಿದ ಮೇಲೆ ಅವಳು ಆಧಾರ್ ಕಾರ್ಡ್ ತೋರಿಸಿ ಚೀಟಿ ಇಸಿದುಕೊಂಡಳು. ಚಿಕ್ಕಬಳ್ಳಾಪುರದಲ್ಲಿ ಬಸ್ಸು ಬದಲಾಯಿಸಿದಳು. ದಾರಿಯುದ್ದಕ್ಕೂ ಕಣ್ಣು ಒಣಗಿಯೇ ಇತ್ತು.

ಮನೆ ಮುಟ್ಟಿದಾಗ ಸಂಜೆ ಐದೂವರೆ. ಅಮ್ಮ ಆಂಜಿನಮ್ಮ ಬಾಗಿಲಲ್ಲೇ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಮಗಳ ಮುಖ ನೋಡಿ ಮೊರ ಪಕ್ಕಕ್ಕಿಟ್ಟು ಎದ್ದಳು. ಶಿಡ್ಲಘಟ್ಟದ ಮೇಷ್ಟ್ರ ವಿಷಯ ಅವಳಿಗೆ ಗೊತ್ತಿತ್ತು. ಒಳಗೆ ಹೋಗಿ ಮುದ್ದೆ ಕಟ್ಟಿ ಸಾರು ಬಿಟ್ಟು ತಂದಳು.

"ಮಧ್ಯಾಹ್ನದಿಂದ ಏನೂ ತಿಂದಿಲ್ಲ ಅಲ್ವಾ?"

ಅಮೃತ ತಲೆಯಾಡಿಸಿದಳು. ಒಂದು ತುತ್ತು ಮುರಿದು ಸಾರಿಗೆ ಅದ್ದಿದಳು, ಬಾಯಿಯವರೆಗೆ ತಂದಳು. ಆಮೇಲೆ ಆ ತುತ್ತು ಕೈಯಲ್ಲಿರುವಂತೆಯೇ ಅಳಲು ಶುರುಮಾಡಿದಳು. ಆಂಜಿನಮ್ಮ ಅವಳ ಪಕ್ಕದಲ್ಲಿ ಕೂತು, ಅದೇ ತಟ್ಟೆಯಿಂದ ಒಂದು ತುತ್ತು ತಾನೂ ತೆಗೆದುಕೊಂಡಳು.

"ಉಣ್ಣಮ್ಮ," ಎಂದಳು. "ನಿಧಾನಕ್ಕೆ ಉಣ್ಣು. ನಾನೂ ಉಣ್ತೀನಿ."